ಬಾಯಿ ಹೊಲಿದ ಕಸದ ಚೀಲ

ಅಂಗಡಿಯ ಕತ್ತರಿ ಮೇಜಿನಿಂದ,
ಹನ್ನೊಂದನೇ ತಾರೀಖು, ಬುಧವಾರ

ನನ್ನ ಮನೆಯಾಕೆಗೆ ಪ್ರೀತಿಯಿಂದ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ, ಇಲ್ಲಾ ಮಗಳ ಮನೆಯ ಮೆಟ್ಟಿಲು ಹತ್ತಿಳಿದು ಇನ್ನಷ್ಟು ಜಾಸ್ತಿ ಮಾಡಿಕೊಂಡಿದ್ದೀಯ? ಮೊಮ್ಮಗಳ ಮೂಗು ನನ್ನದೇ ಅಂತೆ, ಪಾಪದ ಕೂಸು! ನಾನು ಆರಾಮಾಗಿದ್ದೇನೆ, ಎರಡು ಸಲ ಹಾಲು ಉಕ್ಕಿಸಿದ್ದು ಬಿಟ್ಟರೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ.

ಇಲ್ಲಿ ವಾರ್ಡ್ ಚುನಾವಣೆಯ ಗದ್ದಲ. ನಿಂತಿರುವವರು ಇಬ್ಬರು. ಒಬ್ಬರು ನಮ್ಮ ಕಂಟ್ರಾಕ್ಟರ್. ಅವರ ಕೆಲಸದವರ ಯೂನಿಫಾರ್ಮ್ ಹೊಲಿದೇ ನಮ್ಮ ಅಂಗಡಿ ಅರ್ಧ ವರ್ಷ ನಡೆಯುವುದು, ನಿನಗೆ ಗೊತ್ತಲ್ಲ. ಇನ್ನೊಬ್ಬಳು ಯಾರು ಹೇಳು? ನಮ್ಮ ಗಾಡಿಯಕ್ಕ! ದಿನಾ ಗಂಟೆ ಬಾರಿಸುತ್ತ ಕಸದ ಕೈಗಾಡಿ ತಳ್ಳಿಕೊಂಡು ಬರುವವಳೇ. ಆ ಗಾಡಿ ನಮ್ಮ ಓಣಿಯೊಳಗೆ ಬರಲಿ ಅಂತ ನೀನು ನಾಲ್ಕು ವರ್ಷ ಅರ್ಜಿ ಹಿಡಿದು ಅಲೆದೆ. ಕಂಟ್ರಾಕ್ಟರ್ ಗೆದ್ದರೆ ಗಾಡಿ ನಿಲ್ಲುತ್ತದಂತೆ. ಮುಖ್ಯರಸ್ತೆಯ ತಿರುವಿಗೆ ಲಾರಿ ಬರುತ್ತದೆ, ಎಲ್ಲರೂ ಅಲ್ಲಿಗೇ ಹೊತ್ತು ತರಬೇಕು. ಮೂರನೇ ಮಹಡಿಯ ಟೀಚರಮ್ಮ ಊರುಗೋಲು ಹಿಡಿಯಬೇಕೋ, ಬಕೆಟ್ ಹಿಡಿಯಬೇಕೋ? ಆದರೂ ಯೂನಿಫಾರ್ಮ್ ನೆನಪಾಗಿ ನಾನು ಸುಮ್ಮನಿದ್ದೆ.

ಈಗ ನನ್ನ ಎಡವಟ್ಟು ಕೇಳು. ನೀನು ಹೋದ ಮೇಲೆ ನಾಯಿಗಳು ನಮ್ಮ ಕಸ ಎಳೆದಾಡತೊಡಗಿದವು. ನಾನು ಹಳೇ ಬಟ್ಟೆಯಲ್ಲಿ ಚೀಲ ಮಾಡಿ, ಕಸ ತುಂಬಿ, ಬಾಯಿಗೆ ಎರಡು ಸಾಲು ಗಟ್ಟಿ ಹೊಲಿಗೆ ಹಾಕಿ ಹೊರಗಿಟ್ಟೆ. ಹೊಲಿಗೆಯವನ ಬುದ್ಧಿ! ಗಾಡಿಯಕ್ಕ ಹಸಿ ಕಸ, ಒಣ ಕಸ ಬೇರೆ ಮಾಡಿದ್ದಾರಾ ಅಂತ ಬಿಚ್ಚಿ ನೋಡದೆ ಒಯ್ಯುವವಳಲ್ಲ, ಮೂರು ದಿನ ಅಲ್ಲೇ ಬಿಟ್ಟು ಹೋದಳು. ಭಾನುವಾರ ಶಾಲೆಯ ಸಭಾಂಗಣದಲ್ಲಿ ಇಬ್ಬರನ್ನೂ ಕೂರಿಸಿ ಜನ ಪ್ರಶ್ನೆ ಕೇಳಿದರು. ಕಂಟ್ರಾಕ್ಟರ್ ಇಡೀ ವಾರ್ಡಿಗೆ ಹೊಸ ನೀರಿನ ಪೈಪು ಹಾಕಿಸುತ್ತೇನೆ ಅಂದರು. ಗಾಡಿಯಕ್ಕ, "ಪೈಪಿನ ಮಾತು ಕೊಡೋಕೆ ನನ್ನಿಂದ ಆಗಲ್ಲ. ನೀರು ಎಷ್ಟು ಹೊತ್ತಿಗೆ ಬರುತ್ತೆ ಅಂತ ಹಿಂದಿನ ದಿನಾನೇ ಹೇಳೋ ಹಾಗೆ ಮಾಡ್ತೀನಿ" ಅಂದಳು. ಕಸದ ಮಾತು ಬಂದಾಗ ಕಂಟ್ರಾಕ್ಟರ್ ನಮ್ಮ ಬಾಗಿಲಿಂದ ತರಿಸಿದ್ದ ಚೀಲವನ್ನೇ ಎತ್ತಿ ಹಿಡಿದು, "ಮೂರು ದಿನದಿಂದ ಕೊಳೀತಿದೆ, ಇದೇನಾ ಗಾಡಿ ಸೇವೆ?" ಅಂದುಬಿಟ್ಟರು. ಆ ಹೊಲಿಗೆ ನೋಡಿ ಇಡೀ ಓಣಿಯೇ ನನ್ನ ಕಡೆ ತಿರುಗಿತು. ಗಾಡಿಯಕ್ಕನಿಗೂ ಗೊತ್ತು. ಆದರೂ ನನ್ನ ಕಡೆ ಬೆರಳು ತೋರಿಸಲಿಲ್ಲ. "ಬಾಗಿಲು ತಟ್ಟಿ ಹೇಳಬೇಕಿತ್ತು, ತಪ್ಪು ನಂದೇ" ಅಂದಳು. ನನಗೆ ನಾಚಿಕೆಯಿಂದ ಕೂರಲಾಗಲಿಲ್ಲ. ಎದ್ದು, "ಚೀಲ ನಂದು, ತಪ್ಪೂ ನಂದು" ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕಂಟ್ರಾಕ್ಟರ್ ಮಾತ್ರ ನಗಲಿಲ್ಲ.

ಈಗ ಹೊಲಿಗೆ ಬಿಚ್ಚಿ, ಚೀಲದ ಬಾಯಿಗೆ ಎಳೆದರೆ ತೆರೆಯುವ ಲಾಡಿ ಹಾಕಿದ್ದೇನೆ. ಗಾಡಿಯಕ್ಕ ನೋಡಿ, "ಇಷ್ಟು ಬುದ್ಧಿ ಮೊದಲೇ ಇದ್ದಿದ್ರೆ!" ಅಂತ ನಕ್ಕಳು, ಥೇಟ್ ನಿನ್ನ ಹಾಗೆ. ಮಗಳಿಗೆ ನನ್ನ ಆಶೀರ್ವಾದ, ಅಳಿಯನನ್ನು ಕೇಳಿದೆ ಅಂತ ಹೇಳು, ಆ ಮೂಗಿಗೊಂದು ಮುತ್ತು.

ನಿನ್ನ ದರ್ಜಿ

ಮತ್ತೆ: ಅಂಚೆಯ ಹೊತ್ತಾಯಿತು, ಬೈಯಬೇಡ. ಮತದಾನದ ದಿನ ಬೂತಿನಲ್ಲಿ ಗಾಡಿಯಕ್ಕನ ಪರವಾಗಿ ಕೂರಲು ಯಾರೂ ಮುಂದೆ ಬರಲಿಲ್ಲ, ಎಲ್ಲರಿಗೂ ಕಂಟ್ರಾಕ್ಟರ್ ಭಯ. ನಾನು ಕೂರುತ್ತೇನೆ ಅಂದೆ. ಅವತ್ತೇ ಮಧ್ಯಾಹ್ನದೊಳಗೆ ಕಂಟ್ರಾಕ್ಟರ್ ಯೂನಿಫಾರ್ಮಿನ ಬಟ್ಟೆಯನ್ನೆಲ್ಲ ವಾಪಸ್ ತರಿಸಿಕೊಂಡರು. ಕಪಾಟು ಖಾಲಿ, ಆದರೆ ಮನಸ್ಸು ಹಗುರವಾಗಿದೆ, ನಿಜ. ಟೀಚರಮ್ಮ ತಮ್ಮ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಹೊಲಿಯಲು ತಂದಿದ್ದಾರೆ, ಒಂದೂ ಹರಿದಿಲ್ಲ. ಇಪ್ಪತ್ತೆರಡಕ್ಕೆ ಮತದಾನ. ಮತ ಹಾಕಲು ಬಂದವರ ಹೆಸರಿಗೆ ಗೆರೆ ಎಳೆಯುವುದೇ ಅಲ್ಲಿ ನನ್ನ ಕೆಲಸ. ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೇ ನಿನ್ನದಿದೆ. ಅದಕ್ಕೆ ಗೆರೆ ಎಳೆಯದೆ ನಾನು ಪಟ್ಟಿ ಮಡಚುವ ಹಾಗೆ ಮಾಡಬೇಡ.