ಉಳುಕೆಂದವರು ನೀವು, ಒದ್ದವರು ಸಾಮಿಯಾತಾಳ್

ಮಾನ್ಯ ವೈದ್ಯಾಧಿಕಾರಿಗಳೇ,

ಬರುವ ಭಾನುವಾರ ನಮ್ಮ ನೇಕಾರರ ಬೀದಿಯಲ್ಲಿ ನೀವು ನಡೆಸಲಿರುವ ಮೂಢನಂಬಿಕೆ ವಿರೋಧಿ ಸಭೆಗೆ ನನ್ನ ತಾಯಿ ಕಾಮಾಕ್ಷಿಯಮ್ಮನನ್ನು ಕರೆತರಬೇಕೆಂದು ಹೇಳಿಕಳಿಸಿದ್ದೀರಿ. ಒದೆಸಿಕೊಂಡು ಬೆನ್ನು ಮುರಿದುಕೊಂಡವರು ಹೇಗಿರುತ್ತಾರೆಂದು ಜನರಿಗೆ ತೋರಿಸಬೇಕಂತೆ. ಬಹಳ ಸಂತೋಷ. ಎಪ್ಪತ್ತು ದಾಟಿದ ಮೇಲೆ ವೇದಿಕೆ ಹತ್ತುವ ಭಾಗ್ಯ ಎಲ್ಲರಿಗೂ ಬರುತ್ತದೆಯೇ? ಆದರೆ ನಿಮ್ಮ ಕತೆ ಅರ್ಧದಿಂದ ಶುರುವಾಗುತ್ತದೆ. ಮೊದಲರ್ಧವನ್ನು ನಾನೇ ಒದಗಿಸುತ್ತೇನೆ. ತಮಿಳು ಪ್ರತಿ ನಿಮ್ಮ ಕಚೇರಿಗೆ ತಲುಪಿದೆ. ಮನೆಮಾತಿನಲ್ಲಿ ಬೈದರೇ ನನಗೆ ಸಮಾಧಾನ, ಅದಕ್ಕೆ ಈ ಕನ್ನಡ ಪ್ರತಿ.

ನಲ್ಲಿ ನೀರು ಬಂದ ದಿನ ಕೊಡ ಎತ್ತುವಾಗ ಅಮ್ಮನ ಬೆನ್ನು ಕಳಕ್ಕೆಂದಿತು. ನಾವು ಮೊದಲು ಓಡಿ ಬಂದದ್ದು ಯಾವ ಮಂತ್ರವಾದಿಯ ಹತ್ತಿರವೂ ಅಲ್ಲ, ನಿಮ್ಮ ಹತ್ತಿರ. ನೀವು ಬೆನ್ನು ಮುಟ್ಟಲಿಲ್ಲ, ಎಕ್ಸ್‌ರೇ ಬರೆಯಲಿಲ್ಲ. ಕೂತಲ್ಲಿಂದಲೇ ಉಳುಕು ಎಂದಿರಿ. ಮುಲಾಮು ಕೊಟ್ಟು, ದಿನಾ ಬೆಳಿಗ್ಗೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳಿದಿರಿ. ಅಮ್ಮ ದೇವರ ಮಾತನ್ನಾದರೂ ಮೀರಿಯಾಳು, ಡಾಕ್ಟರ ಮಾತನ್ನಲ್ಲ. ಹಲ್ಲು ಕಚ್ಚಿಕೊಂಡು ಬಗ್ಗಿದಳು. ಬಗ್ಗಿದಷ್ಟೂ ನೋವು ಏರಿತು, ಬೆನ್ನು ಗೂನಾಯಿತು. ಮತ್ತೆ ಬಂದಾಗಲೂ ಅದೇ ಮುಲಾಮು, ಅದೇ ಉಪದೇಶ.

"ಡಾಕ್ಟ್ರೇ ಉಳುಕು ಅಂತಾರಲ್ಲಾ, ಸಾಮಿಯಾತಾಳ ಕೂಗುಡಾ," ಎಂದಳು ಅಮ್ಮ. ಎದುರು ಮನೆಯ ಸಾಮಿಯಾತಾಳ್ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಬೆನ್ನಿಗೆ ಒದ್ದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಒದೆ ಎನ್ನುವುದು ಹೆಸರಿಗೆ ಮಾತ್ರ. "ತಪ್ಪಾ ಎಣಿಸ್ಬೇಡಕ್ಕಾ" ಎಂದು ಮೊದಲೇ ಕೈಮುಗಿದು, ಪಾದ ಸೋಕಿಸಿದರು, ಅಷ್ಟೇ. ಉಳುಕೆಂದು ಹೇಳಿದವರು ನೀವು. ನಾವು ಉಳುಕಿಗೇ ಮದ್ದು ಮಾಡಿದೆವು. ಇದರಲ್ಲಿ ನಮ್ಮ ಮೂಢತನವೆಷ್ಟು, ನಿಮ್ಮದೆಷ್ಟು?

ನೋವು ತಡೆಯಲಾಗದೆ ಕೊನೆಗೆ ಕೊಯಮತ್ತೂರಿಗೆ ಕರೆದೊಯ್ದೆ. ವಯಸ್ಸಿಗೆ ಮೂಳೆ ಸವೆದು ಟೊಳ್ಳಾಗಿ, ಕೊಡ ಎತ್ತಿದ ದಿನವೇ ಬೆನ್ನೆಲುಬಿನ ಒಂದು ಮೂಳೆ ಕುಸಿದಿತ್ತಂತೆ. ಬಗ್ಗಿ ಬಗ್ಗಿ ಅದು ಇನ್ನಷ್ಟು ಜಜ್ಜಿಹೋಗಿ, ಪಕ್ಕದ್ದೂ ಕುಸಿದಿದೆ. "ಇವರಿಗೆ ಬಗ್ಗಲು ಹೇಳಿದ ಪುಣ್ಯಾತ್ಮ ಯಾರು?" ಎಂದು ಅಲ್ಲಿನ ಡಾಕ್ಟರು ಕೇಳಿದರು. ಪಾದದ ವಿಷಯ ಹೇಳಿದರೆ, ಅದರಿಂದ ಏನೂ ಆಗಿಲ್ಲವೆಂದು ನಕ್ಕುಬಿಟ್ಟರು.

ಅಷ್ಟರಲ್ಲಿ ನಿಮ್ಮ ಸಿಬ್ಬಂದಿ, ಸಾಮಿಯಾತಾಳ್ ಒದ್ದು ಬೆನ್ನು ಮುರಿದಳೆಂದು ಕುನ್ನತ್ತೂರು ಸಂತೆಯವರೆಗೂ ಸುದ್ದಿ ಮುಟ್ಟಿಸಿದ್ದರು. ಈಗ ಅಮ್ಮ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಜಗಲಿಯಿಂದ ಕೂಗಿದರೂ ಎದುರು ಮನೆಯ ಬಾಗಿಲು ತೆರೆಯುವುದಿಲ್ಲ. "ಈ ಕಾಲ್ನ ಕಡ್ದು ಬಿಸಾಕ್ಬೇಕು, ತಂಬೀ," ಎಂದು ಒಳಗಿನಿಂದಲೇ ಅಳುತ್ತಾರೆ.

ಭಾನುವಾರ ಅಮ್ಮ ಖಂಡಿತ ಬರುತ್ತಾಳೆ. ಬೆನ್ನು ನೋವೆಂದು ಬರುವ ಮುದುಕರಿಗೆ ಇನ್ನಾದರೂ ಎಕ್ಸ್‌ರೇ ಬರೆಯುತ್ತೇನೆಂದು ಆಕೆಯ ಮುಂದೆ ಹೇಳಿ. ಆಮೇಲೆ ವೇದಿಕೆಯಿಂದಿಳಿದು ಎದುರು ಮನೆಯ ಬಾಗಿಲು ತಟ್ಟಿ, "ನೀವು ಪಾದ ಎತ್ತುವ ಮೊದಲೇ ಮೂಳೆ ಮುರಿದಿತ್ತು, ನಾನು ನೋಡಲಿಲ್ಲ" ಎನ್ನಿ. ನಾನು ಎಷ್ಟು ಹೇಳಿದರೂ ಅವರು ನಂಬುತ್ತಿಲ್ಲ. ಡಾಕ್ಟರು ಹೇಳಿದರೆ ಮಾತ್ರ ನಿಜವೆಂದುಕೊಳ್ಳುವ ಮೂಢನಂಬಿಕೆ ಈ ಬೀದಿಯಲ್ಲಿ ಇನ್ನೂ ಹೋಗಿಲ್ಲ.

ಇಂತಿ,
ತಲೆ ಮುಂದಾಗಿ ಹುಟ್ಟಿ, ಯಾರ ಉಳುಕನ್ನೂ ಬಿಡಿಸಲಾಗದ
ಕುಮರೇಶನ್