ಉಕ್ಕಿನ ಕೀಲಿಗೆ ಬಾಣಂತನ

ವಿಜಾಪುರ, ಮಾರ್ಚ್ ೧೯೭೭

ತಂಗಿ ರಾಚವ್ವಾ,

ಮಿರಜದಲ್ಲಿ ನನ್ನ ಸೊಂಟದ ಸವೆದ ಕೀಲು ತೆಗೆದು ಉಕ್ಕಿನದು ಕೂಡಿಸಿದರು. ಗಾಯ ಮಾಗಿದೆ. ನಮ್ಮೂರು ಕಳ್ಳಕವಟಗಿಯ ಬಸ್ಸಿನ ಕುಲುಕಾಟ ಈಗಲೇ ಬೇಡವೆಂದು ಅಣ್ಣ ಗುಮ್ಮಟದ ಹತ್ತಿರದ ತನ್ನ ಮನೆಯಲ್ಲೇ ಇಳಿಸಿಕೊಂಡಿದ್ದಾನೆ. ದಿನಾ ಕೋಲು ಹಿಡಿದು ನಡೆಯಬೇಕು ಎಂದಿದ್ದಾರೆ ಡಾಕ್ಟರು. ಆದರೆ ಅಣ್ಣನ ಹೆಂಡತಿ, ಆ ಮಲಕವ್ವ ವೈನಿ, ಬಿಟ್ಟರೆ ತಾನೆ!

"ಒಳಗ ಉಕ್ಕು ಐತಿ, ಥಂಡಿ ಹಿಡೀತೈತಿ, ಕಾಸಬೇಕು" ಎಂದು ಬಾಣಂತಿ ಕೋಣೆಯ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಶೇಗಡಿ ಇಟ್ಟಿದ್ದಾಳೆ. ಕಿವಿಗೆ ಹತ್ತಿ ತುರುಕಿ, ಅಜವಾನದ ಹೊಗೆ ಹಾಕಿ, ಬೆಳಗಾದರೆ ಅಂಟಿನ ಉಂಡಿ ತಿನ್ನಿಸುತ್ತಾಳೆ. ಐವತ್ತೆಂಟರ ಬಾಣಂತಿ ನಾನು. ಪಕ್ಕದಲ್ಲಿ ಕೂಸೊಂದು ಕಡಿಮೆ.

ಅವಳ ಮಗ ಅಮೋಘಿ ಹುಟ್ಟಿದಾಗ ಕೂಸಿನ ತಲೆಗೆಂದು ಕುಂಚಿಗೆ ಹೊಲಿದು ತಂದಿದ್ದೆ. ಇದೇ ಕೋಣೆಯ ಹೊಸ್ತಿಲಲ್ಲಿ ನನ್ನನ್ನು ತಡೆದು, "ಮಕ್ಕಳಿಲ್ಲದಾಕಿ ನೆಳ್ಳು ಕೂಸಿನ ಮ್ಯಾಲ ಬೀಳೂದು ಬ್ಯಾಡ" ಅಂದಿದ್ದಳು. ನಿನ್ನೆ ತೊಡೆಗೆ ಎಣ್ಣೆ ತಿಕ್ಕುತ್ತಾ, "ಈ ಹೊರಸಿನ ಮ್ಯಾಲ ನಾಕ ಮಕ್ಕಳನ್ನ ಹಡದೇನಿ. ಇದರ ಗುಣ ನಿನಗೇನ ಗೊತ್ತು?" ಎಂದು ನಕ್ಕಳು. ಹಳೆಯದು ಅವಳಿಗೆ ನೆನಪೇ ಇಲ್ಲ.

ಇನ್ನು ಮೇಲೆ ನಾನು ನೆಲದ ಮೇಲೆ ಕೂರುವಂತಿಲ್ಲ. ಬಡಿಗೇರನಿಗೆ ಹೇಳಿ ಎತ್ತರದ ಕುರ್ಚಿ ಮಾಡಿಸಿಡು, ಬೇಗ ಬರುತ್ತೇನೆ.

ಈ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕುವವಳು ವೈನಿಯೇ. ಅವಳಿಗೆ ಓದಲು ಬರುತ್ತದೆ. ಅದಕ್ಕೇ ಲಕೋಟೆ ತರಿಸಲಿಲ್ಲ.

ನಿನ್ನ ಅಕ್ಕ,
ಹೊಳೆವ್ವ