ನಾನು ತುಂಬಿದ ಫಾರಂ

ಹರಿಹರ
ಶುಕ್ರವಾರ

ಡಾಕ್ಟರ್ ಅವರಿಗೆ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ಪ್ರಣತಿಯ ಕಿವಿಯ ಹಿಂದೆ ಉಗುರಿನ ಗಾಯ ಕಂಡಿತು. ಯಾರು ಹಿಂಡಿದರೆಂದು ಕೇಳಿದೆ. "ನಾನೇ ಹಿಂಡ್ಕಂಡೆ ಅತ್ತೆ, ಸುಮ್ನೆ ಕೂತ್ಕಳ್ಳಾಕೆ," ಅಂದಳು.

ಅವಳು ನನ್ನ ಅಣ್ಣನ ಮಗಳು, ಎಂಟು ವರ್ಷ. ಹೋದ ತಿಂಗಳು ಅತ್ತಿಗೆ ಅವಳನ್ನು ದಾವಣಗೆರೆಗೆ, ನಿಮ್ಮ ಬಳಿ ಕರೆತಂದಿದ್ದರು. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ತೊಂದರೆ ಇದೆಯೇ ಎಂದು ತಿಳಿಯಲು ನೀವು ಶಾಲೆಗೊಂದು, ಮನೆಗೊಂದು ಫಾರಂ ಕೊಟ್ಟಿರಿ. ನನ್ನ ಅಕ್ಷರ ದುಂಡಗಿದೆಯೆಂದು ಅತ್ತಿಗೆ ಮನೆಯದನ್ನು ನನ್ನಿಂದ ಬರೆಸಿದರು. ಪಕ್ಕದಲ್ಲಿ ಕೂತಿದ್ದ ಅವ್ವ, "ಹೆಣ್ಣುಹುಡುಗಿ ಐತೆ, ಹುಚ್ಚಿ ಅಂತ ಕಾಗದದಾಗೆ ಬರೀಬ್ಯಾಡ. ನಾಳೆ ನಿನ್ನ ನೋಡಾಕೂ ಯಾರೂ ಬರಲ್ಲ," ಅಂದಳು. ತೊಂದರೆ ಎಷ್ಟು ಸಲ ಕಾಣುತ್ತದೆ ಎಂಬ ಎಲ್ಲ ಪ್ರಶ್ನೆಗೂ ನಾನು 'ಅಪರೂಪಕ್ಕೆ' ಎಂದು ಗುರುತು ಹಾಕಿದೆ.

ಆ ಫಾರಂನಲ್ಲಿ ಮನೆಯ ತೊಂದರೆ ಕಾಣದ್ದರಿಂದ ನೀವು ಚಿಕಿತ್ಸೆ ಶುರು ಮಾಡಲಿಲ್ಲ. "ಡಾಕ್ಟ್ರೇ ಏನಿಲ್ಲ ಅಂದಾರೆ, ಇವಳಿಗೆ ಬರೀ ಸೊಕ್ಕು," ಅನ್ನುತ್ತಾಳೆ ಅವ್ವ. ಪ್ರಣತಿಯೂ ಅದನ್ನು ನಂಬಿದ್ದಾಳೆ.

ನಿಜವೆಂದರೆ ಅವಳು ಮೂರು ತುತ್ತು ಉಣ್ಣುವಷ್ಟು ಹೊತ್ತೂ ಕೂರಲಾರಳು. ಹೇಳಿದ್ದು ಬಾಗಿಲು ದಾಟುವುದರೊಳಗೆ ಮರೆಯುತ್ತಾಳೆ. ಎರಡು ಸಲ ಲಾರಿಗೆ ಅಡ್ಡ ಓಡಿದ್ದಾಳೆ.

ದಯವಿಟ್ಟು ಇನ್ನೊಂದು ಫಾರಂ ತೆಗೆದಿಡಿ. ಮಾತ್ರೆ ಬೇಕೋ, ಮನೆಯವರಾದ ನಾವು ಏನಾದರೂ ಕಲಿಯಬೇಕೋ, ನೀವೇ ಹೇಳಿ. ಕಲಿಯುತ್ತೇನೆ.

ಸೋಮವಾರ ಮಲೆಬೆನ್ನೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಿದ್ದಾರೆ. ಅವ್ವ ಸೀರೆ ತೆಗೆದಿಟ್ಟಿದ್ದಾಳೆ. ಅಂದೇ ಬೆಳಿಗ್ಗೆ ನಾನೂ ಅತ್ತಿಗೆಯೂ ಪ್ರಣತಿಯನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇವೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಕ್ಷಮೆ ಕೋರುತ್ತಾ,
ವಿನುತಾ